ಕಾರ್‌ಪೂಲ್ ಲೇನ್: ಯೂನಿಫಾರ್ಮ್ ಇದ್ದವರು, ಸೈರನ್ ಇದ್ದವರು, ಎರಡೂ ಇಲ್ಲದ ನಾವು

ನಾನು ಅಮೆರಿಕದ ವರ್ಜೀನಿಯಾದಲ್ಲಿ ಹಲವು ವರ್ಷ ಕಾರು ಓಡಿಸಿ ಈಗ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೇನೆ. ಎರಡೂ ಕಡೆ ಕನ್ನಡದವರ ಮನೆ ಊಟಕ್ಕೆ ಹೋದಾಗ, ಜಾಸ್ತಿ ಜನ ಕೂತ ಗಾಡಿಗೆ ಅಂತ ಮೀಸಲಿಟ್ಟ ಕಾರ್‌ಪೂಲ್ ಲೇನಿನ ಬಗ್ಗೆ ಈ ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೇಳುವವರು ನರ್ಸ್‌ಗಳು, ಡಾಕ್ಟರ್‌ಗಳು, ಮಗನನ್ನೋ ಮಗಳನ್ನೋ ನೇವಿಗೆ ಕಳಿಸಿದ ಅಪ್ಪ ಅಮ್ಮಂದಿರು. ಪತ್ರದಲ್ಲೂ ಫೋನಲ್ಲೂ ಕೇಳಿದ್ದಾರೆ. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದೇ: "ನಮಗೇನಾದ್ರೂ ವಿನಾಯಿತಿ ಇದೆಯಾ?" ಮೊದಲೇ ಹೇಳಿಬಿಡುತ್ತೇನೆ, ಜಾಸ್ತಿ ಜನರಿಗೆ ಇಲ್ಲ. ಇರುವ ಕೆಲವರ ಕಥೆ ಮಾತ್ರ ಸ್ವಾರಸ್ಯವಾಗಿದೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನಾನು ಹೇಳುವುದು ಹೆಚ್ಚಾಗಿ ಈ ಎರಡು ರಾಜ್ಯಗಳ ಮಾತು.

ಶುರುವಿನ ಪ್ರಶ್ನೆಗಳು

ಈ ಕಾರ್‌ಪೂಲ್ ಲೇನ್ ಅಂದ್ರೆ ಏನು? ಗುರುತು ಹಿಡಿಯೋದು ಹೇಗೆ?

ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಎಡಗಡೆ ಇರುವ ಲೇನ್. ರಸ್ತೆ ಮೇಲೆ ಬಿಳಿ ಬಣ್ಣದಲ್ಲಿ ವಜ್ರದ ಆಕಾರ ಬರೆದಿರುತ್ತಾರೆ, ಅದಕ್ಕೇ ಹಳಬರು ಡೈಮಂಡ್ ಲೇನ್ ಅನ್ನುತ್ತಾರೆ. ಬೋರ್ಡಿನಲ್ಲಿ ಎಚ್‌ಒವಿ ಅಂತ ಇರುತ್ತದೆ, ಜಾಸ್ತಿ ಜನ ಕೂತಿರುವ ಗಾಡಿ ಎಂಬರ್ಥದಲ್ಲಿ. ಪಕ್ಕದಲ್ಲಿ 2 ಅಥವಾ 3 ಅಂತ ಅಂಕಿ ಇದ್ದರೆ ಅದು ಡ್ರೈವರನ್ನೂ ಸೇರಿಸಿ ಎಷ್ಟು ಜನ ಇರಬೇಕು ಎಂಬ ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾ ಕಡೆ ಈ ನಿಯಮ ವಾರದ ದಿನಗಳಲ್ಲಿ ಬೆಳಿಗ್ಗೆ ಸಂಜೆ ಗದ್ದಲದ ಹೊತ್ತಿಗೆ ಮಾತ್ರ. ಲಾಸ್ ಏಂಜಲೀಸ್ ಕಡೆ ಬಹುತೇಕ ರಸ್ತೆಗಳಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇದೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುವವರು ಎಡವುವುದು ಇಲ್ಲೇ.

ಮಗು ಲೆಕ್ಕಕ್ಕೆ ಬರುತ್ತಾ? ನಾಯಿ?

ಕಾರ್ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿದ ಮೂರು ತಿಂಗಳ ಕೂಸು ಕೂಡ ಪೂರ್ತಿ ಒಬ್ಬ ವ್ಯಕ್ತಿ. ನಾಯಿ ಎಷ್ಟು ಮುದ್ದಿನದಾದರೂ ಅಲ್ಲ.

ಇದನ್ನ ಯಾರು ಯಾಕೆ ಶುರು ಮಾಡಿದ್ರು?

ವಾಷಿಂಗ್ಟನ್ ಪಕ್ಕದ ಉತ್ತರ ವರ್ಜೀನಿಯಾದ ಶರ್ಲಿ ಹೈವೇಯಲ್ಲಿ, ಅಂದರೆ ಈಗಿನ ಇಂಟರ್‌ಸ್ಟೇಟ್ 395ರಲ್ಲಿ, 1969ರಲ್ಲಿ ಬಸ್ಸಿಗೆ ಅಂತಲೇ ಲೇನ್ ಬಿಟ್ಟರು. 1973ರಲ್ಲಿ ನಾಲ್ಕು ಜನ ಇರುವ ಕಾರಿಗೂ ಬಿಟ್ಟರು. ಅದೇ ವರ್ಷ ಅರಬ್ ದೇಶಗಳು ಎಣ್ಣೆ ನಿಲ್ಲಿಸಿ ಪೆಟ್ರೋಲ್ ಬಂಕ್ ಮುಂದೆ ಸಾಲು ಬೆಳೆದಿದ್ದರಿಂದ ಐಡಿಯಾ ಎಲ್ಲ ಕಡೆ ಹರಡಿತು.

ಎಲ್ಲ ಕಡೆ ಗೆಲ್ಲಲಿಲ್ಲ ಅನ್ನಿ. 1976ರಲ್ಲಿ ಲಾಸ್ ಏಂಜಲೀಸಿನ ಸಾಂಟಾ ಮೋನಿಕಾ ಫ್ರೀವೇಯಲ್ಲಿ ಹೊಸ ಲೇನ್ ಕಟ್ಟದೆ, ಇದ್ದ ಲೇನನ್ನೇ ಕಿತ್ತು ಕಾರ್‌ಪೂಲಿಗೆ ಕೊಟ್ಟರು. ಜನ ಕೆಂಡವಾದರು. 21 ವಾರಕ್ಕೆ ಕೋರ್ಟು ನಿಲ್ಲಿಸಿತು. ಇದ್ದದ್ದನ್ನು ಕಿತ್ತುಕೊಂಡರೆ ಯಾರು ಸುಮ್ನಿರ್ತಾರೆ? ಆ ಪಾಠ ಕಲಿತು ಆಮೇಲೆ ಹೆಚ್ಚಾಗಿ ಹೊಸ ಲೇನ್ ಸೇರಿಸಿಯೇ ಮಾಡಿದರು.

ಯೂನಿಫಾರ್ಮ್ ಪ್ರಶ್ನೆಗಳು

ನನ್ನ ಮಗಳು ನೇವಿಯಲ್ಲಿದ್ದಾಳೆ, ನಾರ್ಫೋಕ್‌ನಲ್ಲಿ. ಒಬ್ಬಳೇ ಕಾರ್‌ಪೂಲ್ ಲೇನಲ್ಲಿ ಹೋಗ್ತೀನಿ ಅಂತಾಳೆ. ನಿಜಾನಾ?

ನಿಜ ಇರಬಹುದು. ಇದು ಅಪರೂಪದ ವಿನಾಯಿತಿ, ಅದಕ್ಕೇ ಯಾರೂ ನಂಬುವುದಿಲ್ಲ.

ವರ್ಜೀನಿಯಾದ ಆಗ್ನೇಯ ಮೂಲೆಯಲ್ಲಿ, ಸಮುದ್ರ ಒಳನಾಡಿಗೆ ನುಗ್ಗಿರುವ ಕಡೆ, ನಾರ್ಫೋಕ್, ವರ್ಜೀನಿಯಾ ಬೀಚ್, ಹ್ಯಾಂಪ್ಟನ್, ನ್ಯೂಪೋರ್ಟ್ ನ್ಯೂಸ್ ಎಲ್ಲ ಸೇರಿ ಹ್ಯಾಂಪ್ಟನ್ ರೋಡ್ಸ್ ಅನ್ನುವ ಪ್ರದೇಶವಿದೆ. ಜಗತ್ತಿನ ಅತಿ ದೊಡ್ಡ ನೌಕಾನೆಲೆ ಅಲ್ಲೇ. ಓಷಿಯಾನಾ ವಿಮಾನ ನೆಲೆ, ಲಿಟಲ್ ಕ್ರೀಕ್, ಲ್ಯಾಂಗ್ಲಿ ನೆಲೆಗಳು, ಪೋರ್ಟ್ಸ್‌ಮತ್‌ನ ಹಡಗುಕಟ್ಟೆ ಎಲ್ಲವೂ ಸುತ್ತಮುತ್ತ. ಊರೆಲ್ಲ ನೀರು, ಸೇತುವೆ, ಸುರಂಗ. ಒಂದು ಸುರಂಗದಲ್ಲಿ ಗಾಡಿ ಕೆಟ್ಟರೆ ಅರ್ಧ ಊರು ನಿಂತುಬಿಡುತ್ತದೆ.

ಅಲ್ಲಿಗೆ ಅಂತಲೇ ವರ್ಜೀನಿಯಾದ ಕಾರ್‌ಪೂಲ್ ಕಾಯ್ದೆಯಲ್ಲಿ ಒಂದು ಸಾಲು ಇದೆ. ಆಕ್ಟಿವ್ ಡ್ಯೂಟಿಯಲ್ಲಿರುವ, ಅಂದರೆ ಈಗ ಪೂರ್ಣಾವಧಿ ಸೇವೆಯಲ್ಲಿರುವ ಸೈನಿಕರು, ಯೂನಿಫಾರ್ಮ್ ತೊಟ್ಟು, ಇಂಟರ್‌ಸ್ಟೇಟ್ 264 ಮತ್ತು 64ರಲ್ಲಿ, ಹ್ಯಾಂಪ್ಟನ್ ರೋಡ್ಸ್‌ನ ಮಿಲಿಟರಿ ನೆಲೆಗೆ ಹೋಗುವಾಗ ಅಥವಾ ಅಲ್ಲಿಂದ ಬರುವಾಗ, ಒಬ್ಬರೇ ಇದ್ದರೂ ಎಚ್‌ಒವಿ ಲೇನ್ ಬಳಸಬಹುದು. ಒಂದೊಂದು ಪದಕ್ಕೂ ತೂಕವಿದೆ. ಆಕ್ಟಿವ್ ಡ್ಯೂಟಿ ಇರಬೇಕು. ಯೂನಿಫಾರ್ಮ್ ಇರಬೇಕು. ಅವೇ ಎರಡು ರಸ್ತೆ ಆಗಿರಬೇಕು. ನೆಲೆಗೆ ಹೋಗುವ, ಬರುವ ಪ್ರಯಾಣ ಆಗಿರಬೇಕು. ಶನಿವಾರ ಅಂಗಡಿಗೆ ಹೋಗಿ ಬರುವುದಕ್ಕೆ ಇದು ನಡೆಯುವುದಿಲ್ಲ.

ಒಂದು ಎಚ್ಚರ: 64ರ ದಿಕ್ಕು ಬದಲಾಗುವ ಲೇನ್‌ಗಳು 2018ರ ಜನವರಿಯಿಂದ ಟೋಲ್ ಲೇನ್ ಆಗಿವೆ, ಅಂದರೆ ತಲೆ ಲೆಕ್ಕ ಸಾಲದವರು ದುಡ್ಡು ಕೊಟ್ಟು ಹೋಗುವ ಲೇನ್. ಮೇಲಿನ ಸಾಲು ಎಚ್‌ಒವಿ ಕಾಯ್ದೆಯಲ್ಲಿರುವುದು, ಟೋಲ್ ಲೇನ್‌ಗೆ ಬೇರೆ ಕಲಮು. ಟೋಲ್ ಯಂತ್ರ ಓದುವುದು ಪಾಸ್ ಮತ್ತು ನಂಬರ್ ಪ್ಲೇಟನ್ನು, ಮೈಮೇಲಿನ ಬಟ್ಟೆಯನ್ನಲ್ಲ. ಒಬ್ಬಳೇ ಇದ್ದಾಗ ದುಡ್ಡಿನ ಅಂಕಿ ಮಿನುಗುವ ಬೋರ್ಡ್ ಕಂಡರೆ ಓದಿಯೇ ಒಳಗೆ ಹೋಗು ಅಂತ ಮಗಳಿಗೆ ಹೇಳಿ.

ಯೂನಿಫಾರ್ಮ್ ಹಿಂದಿನ ಸೀಟಲ್ಲಿ ಹ್ಯಾಂಗರಿಗೆ ನೇತು ಹಾಕಿದ್ರೆ ಸಾಕಲ್ವಾ?

ಇದನ್ನು ಕೇಳಿದ ಹುಡುಗನನ್ನು ನಾನು ಮರೆಯುವುದಿಲ್ಲ. ಪರಿಚಯದವರ ಮಗ. ಹಸಿರು ಮಚ್ಚೆಯ ಕೆಲಸದ ಯೂನಿಫಾರ್ಮ್ ಇಸ್ತ್ರಿ ಮಾಡಿಸಿ ಹಿಂದಿನ ಕಿಟಕಿಯ ಕೊಕ್ಕೆಗೆ ತೂಗಿಸಿಕೊಂಡು, ತಾನು ಜಿಮ್ ಚಡ್ಡಿ ಹಾಕಿ ಕಾಫಿ ಕುಡಿಯುತ್ತಾ ಹೋಗುತ್ತಿದ್ದ. ಹಿಂದಿನಿಂದ ನೋಡಿದರೆ ಇಬ್ಬರು ಕೂತಂತೆ ಕಾಣುತ್ತಿತ್ತು, ಪುಣ್ಯಾತ್ಮ!

ಸಾಕಾಗುವುದಿಲ್ಲ. ಕಾಯ್ದೆ ಹೇಳುವುದು ಯೂನಿಫಾರ್ಮ್‌ನಲ್ಲಿರುವ ಸೈನಿಕ ಅಂತ, ಯೂನಿಫಾರ್ಮ್ ಇಟ್ಟುಕೊಂಡಿರುವ ಸೈನಿಕ ಅಂತಲ್ಲ. ಗುರುತಿನ ಚೀಟಿ ತೋರಿಸಿದರೂ ಅಷ್ಟೇ. ಪೊಲೀಸ್‌ಗೆ ಪಕ್ಕದ ಲೇನಿನಿಂದ ಒಂದು ನೋಟಕ್ಕೆ ಕಾಣಬೇಕು, ಅದಕ್ಕೇ ಬಟ್ಟೆಯ ಷರತ್ತು ಇಟ್ಟಿದ್ದಾರೆ ಅಂತ ನನ್ನ ಊಹೆ.

ಪೆಂಟಗನ್ನಿಗೆ ಹೋಗೋರಿಗೂ ಇದೇ ಸೌಲಭ್ಯ ಇರ್ಬೇಕಲ್ಲ?

ಇಲ್ಲ. ತಮಾಷೆ ಇರುವುದೇ ಇಲ್ಲಿ. ದೇಶದ ಸೈನ್ಯದ ತಲೆ ಇರುವ ಕಟ್ಟಡ 395ರ ಮಗ್ಗುಲಲ್ಲೇ ಇದೆ, ಆದರೆ ಆ ರಸ್ತೆಯಲ್ಲಿ ಕರ್ನಲ್ ಸಾಹೇಬರ ಯೂನಿಫಾರ್ಮಿಗೂ ನನ್ನ ಸ್ವೆಟರಿಗೂ ಒಂದೇ ಬೆಲೆ. ಅಲ್ಲಿನ ಟೋಲ್ ಲೇನಿನಲ್ಲಿ ದುಡ್ಡು ಕೊಡದೆ ಹೋಗಬೇಕಾದರೆ ಮೂರು ಜನ ಬೇಕು.

ಅದಕ್ಕೆ ಅಲ್ಲಿನವರು ಕಂಡುಕೊಂಡ ದಾರಿ ಸ್ಲಗ್ಗಿಂಗ್. ವುಡ್‌ಬ್ರಿಡ್ಜ್‌ನ ಹಾರ್ನರ್ ರೋಡ್ ಪಾರ್ಕಿಂಗ್ ಜಾಗಕ್ಕೆ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಜನ ಸಾಲಾಗಿ ನಿಂತಿರುತ್ತಾರೆ. ಒಬ್ಬನೇ ಬಂದ ಡ್ರೈವರ್ ಕಿಟಕಿ ಇಳಿಸಿ "ಪೆಂಟಗನ್" ಅನ್ನುತ್ತಾನೆ. ಸಾಲಿನ ಮೊದಲ ಇಬ್ಬರು ಹತ್ತಿ ಕೂರುತ್ತಾರೆ. ಹೆಸರು ಕೇಳುವುದಿಲ್ಲ, ದುಡ್ಡು ಕೊಡುವುದಿಲ್ಲ. ಡ್ರೈವರ್ ಮಾತು ತೆಗೆಯದಿದ್ದರೆ ಹತ್ತಿದವರು ತೆಗೆಯಬಾರದು. ಸಾಲಿನಲ್ಲಿ ಹೆಂಗಸೊಬ್ಬರೇ ಉಳಿಯುವ ಹಾಗೆ ಬಿಟ್ಟು ಹೋಗಬಾರದು. ಬರೆದಿಟ್ಟ ಕಾನೂನಲ್ಲ, 1970ರ ದಶಕದಿಂದ ನಡೆದು ಬಂದ ಪದ್ಧತಿ. ಬಸ್ ನಿಲ್ದಾಣದಲ್ಲಿ ನಿಂತಿದ್ದೂ ಬಸ್ ಹತ್ತದ ಇವರನ್ನು ಬಸ್ ಡ್ರೈವರ್‌ಗಳು ಖೋಟಾ ನಾಣ್ಯಕ್ಕೆ ಹೋಲಿಸಿ ಸ್ಲಗ್ ಅಂದರಂತೆ, ಆ ಹೆಸರೇ ಉಳಿಯಿತು.

ನನ್ನ ಹಳೇ ಕೊರೊಲ್ಲಾದಲ್ಲಿ ಒಮ್ಮೆ ಸೇನೆಯ ಅಧಿಕಾರಿಯೊಬ್ಬರು ಹಿಂದೆ ಕೂತಿದ್ದರು. ಎದೆ ತುಂಬ ಪದಕದ ಪಟ್ಟಿ. ಉದ್ದ ಕಾಲು, ಮಂಡಿ ನನ್ನ ಸೀಟಿನ ಬೆನ್ನಿಗೆ ಒತ್ತುತ್ತಿತ್ತು. ಪಕ್ಕದಲ್ಲಿ ನಿದ್ದೆಗಣ್ಣಿನ ಗುಮಾಸ್ತೆ. ಸ್ಟೀಲ್ ಡಬ್ಬಿಯಲ್ಲಿದ್ದ ಚಿತ್ರಾನ್ನದ ಒಗ್ಗರಣೆ ವಾಸನೆ ಇಡೀ ಕಾರಲ್ಲಿ. ನಲವತ್ತು ನಿಮಿಷ ಯಾರೂ ಮಾತಾಡಲಿಲ್ಲ. ಇಳಿಯುವಾಗ ಅವರು ಥ್ಯಾಂಕ್ಸ್ ಹೇಳಿ, ಆ ವಾಸನೆ ಯಾವ ತಿಂಡಿಯದು ಅಂತ ಮಾತ್ರ ಕೇಳಿದರು.

ನಾನು ನಿವೃತ್ತ ಸೈನಿಕ. ಕಾರಿಗೆ ವೆಟರನ್ ನಂಬರ್ ಪ್ಲೇಟ್ ಇದೆ. ನನಗೆ?

ಹ್ಯಾಂಪ್ಟನ್ ರೋಡ್ಸ್ ವಿನಾಯಿತಿ ಆಕ್ಟಿವ್ ಡ್ಯೂಟಿಯವರಿಗೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಂತೂ ಸೈನಿಕರಿಗೆ, ಮಾಜಿಯಾಗಲಿ ಹಾಲಿಯಾಗಲಿ, ಕಾರ್‌ಪೂಲ್ ಲೇನಿನಲ್ಲಿ ರಿಯಾಯಿತಿ ಇಲ್ಲ. ಅಲ್ಲಿ ಮೆಡಲ್ ಆಫ್ ಆನರ್‌ನಂಥ (ಅಮೆರಿಕದ ಅತ್ಯುನ್ನತ ಶೌರ್ಯ ಪದಕ) ಕೆಲವು ವಿಶೇಷ ಪ್ಲೇಟ್ ಇರುವ ಮಾಜಿ ಸೈನಿಕರಿಗೆ ಟೋಲ್ ಮನ್ನಾ ಇದೆ. ಟೋಲ್ ಮನ್ನಾ ಬೇರೆ, ತಲೆ ಲೆಕ್ಕದ ಮನ್ನಾ ಬೇರೆ. ಎರಡನ್ನೂ ಕಲಸಿಕೊಂಡು ದಂಡದ ಟಿಕೆಟ್ ತಿಂದವರಿದ್ದಾರೆ.

ಹಾಗಾದ್ರೆ ಒಬ್ಬನೇ ಹೋಗೋಕೆ ದಾರಿನೇ ಇಲ್ವಾ?

ಬೈಕ್. ಮೋಟಾರ್‌ಸೈಕಲ್ಲನ್ನು ಎಚ್‌ಒವಿ ಲೇನಿಗೆ ಬಿಡಬೇಕು ಅಂತ ಕೇಂದ್ರ ಕಾನೂನೇ ಹೇಳುತ್ತದೆ. ಅಪಾಯ ಇದೆ ಅಂತ ತೋರಿಸಿದ ಕಡೆ ಮಾತ್ರ ರಾಜ್ಯ ತಡೆಯಬಹುದು. ಎಲೆಕ್ಟ್ರಿಕ್ ಕಾರಿನ ಆಸೆ ಬಿಡಿ. ಒಬ್ಬರೇ ಇದ್ದರೂ ಅಂಥ ಕಾರನ್ನು ಈ ಲೇನಿಗೆ ಬಿಡುತ್ತಿದ್ದ ಕ್ಯಾಲಿಫೋರ್ನಿಯಾದ ಸ್ಟಿಕ್ಕರ್ ಸೌಲಭ್ಯ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆ ಸ್ಟಿಕ್ಕರಿಗಾಗಿಯೇ ಟೆಸ್ಲಾ ಕೊಂಡ ಗೆಳೆಯರ ಮುಖ ನೋಡಲಾಗುವುದಿಲ್ಲ.

ತುರ್ತು ಕೆಲಸದವರ ಪ್ರಶ್ನೆಗಳು

ಆಂಬುಲೆನ್ಸ್ ಖಾಲಿ ವಾಪಸ್ ಬರುವಾಗ್ಲೂ ಕಾರ್‌ಪೂಲ್ ಲೇನಲ್ಲಿ ಬರಬಹುದಾ?

ವರ್ಜೀನಿಯಾದಲ್ಲಿ ಬೆಂಕಿ ನಂದಿಸುವ ಗಾಡಿ, ಆಂಬುಲೆನ್ಸ್, ಪೊಲೀಸ್ ಗಾಡಿ ಇವನ್ನೆಲ್ಲ ಕಾಯ್ದೆ ನೇರವಾಗಿ ವಿನಾಯಿತಿ ಪಟ್ಟಿಗೆ ಸೇರಿಸಿದೆ. ತುರ್ತು ಕರೆಗೆ ಹೊರಟ ಕರೆಂಟ್, ಗ್ಯಾಸ್ ಕಂಪನಿಗಳ ಗಾಡಿಯೂ ಪಟ್ಟಿಯಲ್ಲಿದೆ.

ಕ್ಯಾಲಿಫೋರ್ನಿಯಾ ಜುಗ್ಗ. ಅಲ್ಲಿ ವಾಹನ ಸಂಹಿತೆಯ ಕಲಂ 21055 ತುರ್ತು ಗಾಡಿಯನ್ನು ರಸ್ತೆ ನಿಯಮಗಳಿಂದ ಬಿಡಿಸುವುದು ಕೆಲಸದ ಮೇಲೆ ಇದ್ದಾಗ: ಕರೆಗೆ ಹೋಗುವಾಗ, ಜನರನ್ನು ಕಾಪಾಡುವಾಗ, ಕಳ್ಳನ ಬೆನ್ನು ಹತ್ತಿದಾಗ. ಮುಂದೆ ಕೆಂಪು ದೀಪ ಉರಿಯಬೇಕು, ಬೇಕಾದಷ್ಟು ಸೈರನ್ ಹಾಕಬೇಕು. ಬೆಂಕಿ ಕರೆಗೆ ಹೋಗುವಾಗ ಉಂಟು, ವಾಪಸ್ ಬರುವಾಗ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಟೋಲ್ ಮನ್ನಾದ ಕಲಂ 23301.5 ತುರ್ತು ಕರೆ ಮುಗಿಸಿ ವಾಪಸ್ ಬರುವ ಗಾಡಿಗೂ ಅನ್ವಯಿಸುತ್ತದೆ. ಅಂದರೆ ವಾಪಸ್ ಬರುವ ಫೈರ್ ಎಂಜಿನ್‌ಗೆ ಟೋಲ್ ಇಲ್ಲ, ಸಿಗ್ನಲ್ ಹಾರಿಸುವ ಹಕ್ಕೂ ಇಲ್ಲ. ಅಂದಹಾಗೆ ಫೈರ್ ಎಂಜಿನಲ್ಲಿ ಎರಡು ಮೂರು ಜನ ಹೇಗೂ ಇರುತ್ತಾರೆ, ತಲೆ ಲೆಕ್ಕ ತಾನಾಗೇ ಸರಿಹೋಗುತ್ತದೆ.

ನಾನು ಡಾಕ್ಟರ್. ರಾತ್ರಿ ಆಪರೇಷನ್‌ಗೆ ಕರೆದ್ರು. ನನ್ನದೇ ಕಾರು, ಒಬ್ಬನೇ. ತಪ್ಪಾ?

ಲೇನ್ ಮಟ್ಟಿಗೆ ತಪ್ಪು. ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರರಿಗೆ ಒಂದು ಪುಟ್ಟ ವಿನಾಯಿತಿ ಇದೆ, ಅದು ವೇಗದ್ದು. ಇಲಾಖೆ ಒಪ್ಪಿದ ಲಾಂಛನ ಕಾರಿನ ಮೇಲಿದ್ದು, ತುರ್ತು ಕರೆಗೆ ಹೊರಟಿದ್ದರೆ, ಊರೊಳಗಿನ ಕೆಲವು ವೇಗ ಮಿತಿಗಳು ಅವರಿಗೆ ಅನ್ವಯಿಸುವುದಿಲ್ಲ. ಹೆದ್ದಾರಿಯ ಗರಿಷ್ಠ ವೇಗಕ್ಕೆ ಅದು ನಡೆಯುವುದಿಲ್ಲ, ಕಾರ್‌ಪೂಲ್ ಲೇನಿಗಂತೂ ಇಲ್ಲವೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಬೇ ಏರಿಯಾದ ಮಾಮೂಲಿ ಕಾರ್‌ಪೂಲ್ ಲೇನ್ ಎಲ್ಲರಿಗೂ ತೆರೆದಿರುತ್ತದೆ, ಡಾಕ್ಟರೇ. ಚಿಂತೆ ಸಂಜೆ ಐದರ ಕರೆಯದು.

ನರ್ಸ್, ಡ್ಯೂಟಿ ಮುಗಿದ ಪೊಲೀಸ್, ಸ್ವಂತ ಕಾರಲ್ಲಿ ಹೋಗೋ ಫೈರ್‌ಮನ್?

ಮೂವರಿಗೂ ಒಂದೇ ಉತ್ತರ: ಇಲ್ಲ. ಆಸ್ಪತ್ರೆಯ ಸ್ಕ್ರಬ್ಸ್ ತೊಟ್ಟಿದ್ದರೂ ಅದು ಬರೀ ಬಟ್ಟೆ. ನ್ಯೂಯಾರ್ಕ್‌ನಲ್ಲಿ ಸ್ವಯಂಸೇವಕ ಫೈರ್‌ಮನ್‌ಗಳು ಸ್ವಂತ ಕಾರಿಗೆ ನೀಲಿ ದೀಪ, ಸ್ವಯಂಸೇವಕ ಆಂಬುಲೆನ್ಸ್‌ನವರು ಹಸಿರು ದೀಪ ಹಾಕಿಕೊಳ್ಳಬಹುದು. ಆ ದೀಪ ಬೇರೆಯವರನ್ನು "ದಯವಿಟ್ಟು ಜಾಗ ಕೊಡಿ" ಅಂತ ಕೇಳುತ್ತದೆ ಅಷ್ಟೇ. ಕಾರನ್ನು ತುರ್ತು ಗಾಡಿ ಮಾಡುವುದಿಲ್ಲ.

ಮನೆಯವರಿಗೆ ಎದೆ ನೋವು, ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರೆ?

ಇಬ್ಬರಾದಿರಿ, ಎಚ್‌ಒವಿ-2 ಲೇನಿಗೆ ಸರಿ. ಆದರೆ ಎದೆ ನೋವಿಗೆ ಕಾರ್ ತೆಗೆಯಬೇಡಿ. 911ಕ್ಕೆ ಕರೆ ಮಾಡಿ. ಆಂಬುಲೆನ್ಸ್‌ನವರು ಮನೆ ಬಾಗಿಲಲ್ಲೇ ಇಸಿಜಿ ತೆಗೆಯುತ್ತಾರೆ, ನೀವು ಸ್ಟಿಯರಿಂಗ್ ಹಿಡಿದು ಏನೂ ಮಾಡಲಾರಿರಿ.

ರಕ್ತ ಸಾಗಿಸೋ ಗಾಡಿಗೆ ಬಿಡ್ತಾರಂತೆ?

ಕ್ಯಾಲಿಫೋರ್ನಿಯಾದಲ್ಲಿ ಹೌದು. ಗಾಡಿಯ ಎಲ್ಲ ಬದಿಗೂ ರಕ್ತ ಸಾಗಣೆ ಅಂತ ಕಾಣುವಂತೆ ಬರೆದಿರಬೇಕು. ಐಸ್‌ಬಾಕ್ಸ್ ಪಕ್ಕದ ಸೀಟಲ್ಲಿಟ್ಟುಕೊಂಡ ಸ್ವಂತ ಕಾರಿಗೆ ಇದು ಸಲ್ಲುವುದಿಲ್ಲ.

ನಾನು ಕಾರ್‌ಪೂಲ್ ಲೇನಲ್ಲಿದ್ದೀನಿ, ಹಿಂದೆ ಸೈರನ್. ಏನ್ ಮಾಡ್ಲಿ?

ಊರಲ್ಲಿ ಕಲಿತ ಅಭ್ಯಾಸಕ್ಕೆ ನಾವು ಇದ್ದಲ್ಲೇ ಬ್ರೇಕ್ ಹಾಕಿ ಒದ್ದಾಡುತ್ತೇವೆ. ಕ್ಯಾಲಿಫೋರ್ನಿಯಾದ ಕಲಂ 21806 ಈ ಲೇನಿನ ಬಗ್ಗೆ ಪ್ರತ್ಯೇಕವಾಗಿ ಹೇಳಿದೆ: ಕ್ಷೇಮವಾಗಿ ಹೊರಬರಲು ಆಗುತ್ತದೆ ಅನ್ನಿಸಿದ ತಕ್ಷಣ ಆ ಲೇನ್ ಬಿಟ್ಟು ಹೊರಬರಬೇಕು. ಸಿಗ್ನಲ್ ಹಾಕಿ, ಕನ್ನಡಿ ನೋಡಿ, ಬಲಕ್ಕೆ ಬನ್ನಿ. ಲೇನ್ ಬೇರ್ಪಡಿಸುವ ಎರಡು ಗಟ್ಟಿ ಗೆರೆ ದಾಟುವುದು ಬೇರೆ ದಿನ ತಪ್ಪು. ಆ ಹೊತ್ತಿಗೆ ದಾರಿ ಬಿಡುವುದೇ ಮುಖ್ಯ.

ಸ್ವಲ್ಪ ತಲೆ ಕೆಡಿಸುವ ಪ್ರಶ್ನೆಗಳು

ಬೊಂಬೆ ಕೂರಿಸ್ಕೊಂಡು ಹೋಗ್ತಾರೆ ಅಂತ ಕೇಳಿದ್ದೀನಿ. ಹೆಣ?

ಬೊಂಬೆಗೆ ಟೋಪಿ, ಕನ್ನಡಕ ಹಾಕಿ ಸಿಕ್ಕಿಬಿದ್ದವರು ಬೇಕಾದಷ್ಟು ಜನ. ಹೆಣದ ಪ್ರಶ್ನೆಯೂ ಬಂದಿದೆ. 2019ರಲ್ಲಿ ಲಾಸ್ ವೇಗಸ್‌ನಲ್ಲಿ ಶವ ಸಾಗಿಸುವ ಗಾಡಿಯ ಡ್ರೈವರನ್ನು ಪೊಲೀಸ್ ನಿಲ್ಲಿಸಿದಾಗ, ಹಿಂದೆ ಮಲಗಿರುವವರೂ ಲೆಕ್ಕಕ್ಕೆ ಬರುವುದಿಲ್ಲವೇ ಅಂತ ಆತ ಕೇಳಿದ. ಬರುವುದಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟರು. ಗರ್ಭದಲ್ಲಿರುವ ಮಗುವಿನ ಬಗ್ಗೆ 2006ರಲ್ಲಿ ಅರಿಜೋನಾದ ಜಡ್ಜ್ ಒಬ್ಬರು ಇಲ್ಲ ಅಂದರು. 2022ರಲ್ಲಿ ಟೆಕ್ಸಸ್‌ನ ಗರ್ಭಿಣಿಯೊಬ್ಬರು ಅದೇ ವಾದ ಹೂಡಿದಾಗ ಅವರ ಮೊದಲ ಟಿಕೆಟ್ ವಜಾ ಆಯಿತು. ಅದನ್ನು ನಂಬಿಕೊಂಡು ನೀವು ಹೋಗಬೇಡಿ.

ಟಿಕೆಟ್ ಬಂದ್ರೆ ಎಷ್ಟು? ವಾದ ಮಾಡಬಹುದಾ?

ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಅಂದರೆ 490 ಡಾಲರ್. ಉತ್ತರ ವರ್ಜೀನಿಯಾದಲ್ಲಿ ಮೊದಲ ಸಲ 125, ಎರಡನೇ ಸಲ 250, ಮೂರಕ್ಕೆ 500, ನಾಲ್ಕಕ್ಕೆ 1,000. ಎರಡನೇ ಸಲದಿಂದ ಲೈಸೆನ್ಸ್ ಮೇಲೆ ಮೂರು ಪಾಯಿಂಟ್ ಕೂಡ.

ನಾನೇ ಕೊಟ್ಟಿದ್ದೇನೆ. 2022ರ ಡಿಸೆಂಬರಿನಲ್ಲಿ ಇಂಟರ್‌ಸ್ಟೇಟ್ 66ರಲ್ಲಿ ಇಬ್ಬರಿದ್ದರೆ ಸಾಕು ಎಂಬುದು ಮೂವರು ಬೇಕು ಅಂತ ಬದಲಾಯಿತು. ತಿಂಗಳುಗಟ್ಟಲೆ ಬೋರ್ಡ್ ಹಾಕಿದ್ದರು. ನಾನು ಓದಿರಲಿಲ್ಲ. ನಾನೂ ಹೆಂಡತಿಯೂ ಹೊರಟಿದ್ದೆವು, ಟೋಲ್ ಕಟ್ಟಲು ಕಾರಲ್ಲಿಡುವ ಇ-ಝಡ್ ಪಾಸ್ ಫ್ಲೆಕ್ಸ್‌ನ ಬಟನ್ ಎಚ್‌ಒವಿ ಕಡೆಗೇ, ಅಂದರೆ ಟೋಲ್ ಬೇಡ ಅನ್ನುವ ಕಡೆಗೇ ಇತ್ತು. ಪೊಲೀಸಿನವ ಬಗ್ಗಿ ನೋಡಿ, ಹಿಂದಿನ ಸೀಟಿನ ತೆಂಗಿನಕಾಯಿ ಚೀಲ ನೋಡಿ, ಬರೆದುಕೊಟ್ಟ. ಹೆಂಡತಿ ಮನೆ ಸೇರುವ ತನಕ ಮಾತಾಡಲಿಲ್ಲ, ಸ್ಲಗ್ ಕಾರಿನ ಹಾಗೆ.

ವಾದ ಮಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೆ ಹೋಗದೆ ಬರವಣಿಗೆಯಲ್ಲೇ ಹೇಳಿಕೆ ಕೊಡಬಹುದು, ಟಿಆರ್-205 ಅನ್ನುವ ಫಾರ್ಮ್. ದಂಡದ ಹಣ ಮೊದಲೇ ಕಟ್ಟಬೇಕು, ಗೆದ್ದರೆ ವಾಪಸ್. ಸೋತರೆ 20 ದಿನದೊಳಗೆ ಹೊಸ ವಿಚಾರಣೆ ಕೇಳಬಹುದು. ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಯೂನಿಫಾರ್ಮ್ ತೊಟ್ಟೇ ಹೋಗುತ್ತಿದ್ದು ತಪ್ಪಾಗಿ ಟಿಕೆಟ್ ಆದರೆ, ಆ ದಿನದ ಡ್ಯೂಟಿ ಆದೇಶ ಅಥವಾ ಮೇಲಧಿಕಾರಿಯ ಪತ್ರ ಕೈಯಲ್ಲಿರಲಿ.

ದೇಶ ಕಾಯೋರು, ಜೀವ ಉಳಿಸೋರು. ಎಲ್ಲರಿಗೂ ಬಿಟ್ಟರೆ ಏನು ಗಂಟು ಹೋಗುತ್ತೆ?

ಕೇಳುವವರ ಮನಸ್ಸು ಅರ್ಥವಾಗುತ್ತದೆ. ಆದರೆ ಲೇನ್ ಒಂದು ಕೊಳವೆ ಇದ್ದ ಹಾಗೆ. ಕೇಂದ್ರ ಕಾನೂನಿನಲ್ಲಿ ಒಂದು ಅಳತೆ ಇದೆ. ವಿನಾಯಿತಿ ಗಾಡಿಗಳನ್ನೋ ಟೋಲ್ ಗಾಡಿಗಳನ್ನೋ ಬಿಟ್ಟ ಲೇನಿನಲ್ಲಿ, 180 ದಿನದ ಅವಧಿಯಲ್ಲಿ ಗದ್ದಲದ ಹೊತ್ತಿನ ಶೇ. 90ರಷ್ಟು ಸಮಯವಾದರೂ ಗಂಟೆಗೆ 45 ಮೈಲಿ ವೇಗ ಇರಬೇಕು. ಇಲ್ಲದಿದ್ದರೆ ಲೇನ್ ಕೆಟ್ಟಿದೆ ಅಂತ ಲೆಕ್ಕ, ರಾಜ್ಯ ಸರಿಪಡಿಸಬೇಕು. ನೇವಿ, ಆಸ್ಪತ್ರೆ, ಪೊಲೀಸ್, ಶಾಲೆ ಅಂತ ಒಬ್ಬೊಬ್ಬರನ್ನೇ ಬಿಡುತ್ತಾ ಹೋದರೆ ಆ ಲೇನೂ ಪಕ್ಕದ ಲೇನಿನ ಹಾಗೆ ನಿಂತುಬಿಡುತ್ತದೆ. ಆಗ ನಿಜವಾದ ಆಂಬುಲೆನ್ಸ್ ಎಲ್ಲಿ ನುಗ್ಗಬೇಕು? ಹ್ಯಾಂಪ್ಟನ್ ರೋಡ್ಸ್ ವಿನಾಯಿತಿ ನನಗೆ ಇಷ್ಟವಾಗುವುದು ಅದು ಎರಡೇ ರಸ್ತೆಗೆ, ಒಂದೇ ಕೆಲಸಕ್ಕೆ ಕಟ್ಟುಬಿದ್ದಿದೆ ಅನ್ನುವ ಕಾರಣಕ್ಕೆ.

ಬೆಂಗಳೂರಲ್ಲಿ ಇಂಥದ್ದೇನಾದ್ರೂ ಇದೆಯಾ?

ಕಾರ್‌ಪೂಲ್ ಲೇನ್ ಇಲ್ಲ. 2019ರ ಅಕ್ಟೋಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಂ ಕಡೆಗೆ, ಬಸ್ಸಿಗೆ ಅಂತ ಕಂಬ ನೆಟ್ಟು ಪ್ರತ್ಯೇಕ ಲೇನ್ ಮಾಡಿದ್ದರು. ಆಂಬುಲೆನ್ಸಿಗೂ ದಾರಿ ಇತ್ತು. ಕಂಬ ಮುರಿದವು, ಮೆಟ್ರೋ ಕೆಲಸ ಬಂತು, ಲೇನ್ ಹೋಯಿತು. ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನಲ್ಲಿ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಇದೆ. ಇನ್ನು ನಮ್ಮ ಸೈನಿಕರಿಗೆ ಟೋಲ್ ಮನ್ನಾ 1901ರ ಕಾಯ್ದೆಯಿಂದ ಬಂದದ್ದು. ಅಲ್ಲೂ ಡ್ಯೂಟಿಯ ಮೇಲೆ ಇರಬೇಕು ಎಂಬ ಮಾತಿದೆ. ರಜೆಗೆ ಊರಿಗೆ ಹೊರಟ ಜವಾನರಿಗೂ ಟೋಲ್ ಗೇಟಿನವರಿಗೂ ಜಟಾಪಟಿ ಆಗುವುದು ಅದೇ ಒಂದು ಪದಕ್ಕೆ.